ಮಗು ಯಾಕೆ ತಲೆ ಚಚ್ಚಿಕೊಳ್ಳುತ್ತದೆ ಎಂದು ಮೊದಲು ಕೇಳಲಿ: ವಿಕಲಚೇತನರ ರಾಜ್ಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ವಿಕಲಚೇತನರ ರಾಜ್ಯ ಆಯುಕ್ತರು,
ಕರ್ನಾಟಕ, ಬೆಂಗಳೂರು.

ವಿಷಯ: ಎಬಿಎ ಥೆರಪಿ ಹೆಸರಿನಲ್ಲಿ ಮಕ್ಕಳಿಗೆ ಕೊಡುವ ಶಿಕ್ಷೆಯನ್ನು ತಡೆಯುವಂತೆ ಮನವಿ.

ಮಾನ್ಯರೇ,

ನಮಸ್ಕಾರ. ನಾನು ಹಾಸನ ಜಿಲ್ಲೆಯವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಆಟಿಸಂ ಇದೆ, ಮಾತು ಬಂದಿಲ್ಲ. ಅವನಂಥ ಮಕ್ಕಳು ಹೋಗುವ ಥೆರಪಿ ಸೆಂಟರುಗಳ ಬಗ್ಗೆ ಒಂದು ದೂರು ಮತ್ತು ಕೆಲವು ಬೇಡಿಕೆಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಬೇರೆ ಅಪ್ಪ ಅಮ್ಮಂದಿರೂ ಓದಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಸೆಂಟರಿನವರು "ಇದೆಲ್ಲ ಸೈಂಟಿಫಿಕ್" ಎಂದ ಕೂಡಲೇ ನಮ್ಮಲ್ಲಿ ಬಹಳ ಜನ ಬಾಯಿ ಮುಚ್ಚಿಕೊಳ್ಳುತ್ತೇವೆ.

ಎಬಿಎ, ಅಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್ ಎಂಬ, ನಡವಳಿಕೆ ತಿದ್ದುವ ಥೆರಪಿಯ ಬೋರ್ಡ್ ಹಾಕಿದ್ದ ಒಂದು ಸೆಂಟರಿಗೆ ನನ್ನ ಮಗ ಹೋಗುತ್ತಿದ್ದ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಿಮ್ಮ ಕಚೇರಿಗೆ ಬೇರೆಯಾಗಿ ಕೊಟ್ಟಿದ್ದೇನೆ. ಪೋಷಕರು ಹೊರಗಿನ ಬೆಂಚಿನಲ್ಲಿ ಕೂರಬೇಕು, ಒಳಗೆ ಬರುವಂತಿಲ್ಲ. ಒಂದು ದಿನ ಬಾಗಿಲು ಅರ್ಧ ತೆರೆದಿತ್ತು. ಮಗನ ಮುಂದೆ ಒಂದು ಟ್ರೇ ತುಂಬ ಬಣ್ಣದ ಮಣಿ. ಬಣ್ಣಕ್ಕೆ ತಕ್ಕಂತೆ ಕಡ್ಡಿಗೆ ಪೋಣಿಸಬೇಕು. ಅವನು ಎರಡು ಮಣಿ ಹಾಕಿದ, ಟ್ರೇ ತಳ್ಳಿದ, ಹಣೆಯನ್ನು ಮೇಜಿಗೆ ಬಡಿದುಕೊಂಡ. ಥೆರಪಿಸ್ಟ್ "ನೋ!" ಎಂದು ಕಿರುಚಿ, ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಿಂದ ಮುಖಕ್ಕೆ ನೀರು ಹೊಡೆದರು. ಅವನು ಮತ್ತೆ ಬಡಿದುಕೊಂಡ. ತೋಳು ಹಿಡಿದು ಎಳೆದುಕೊಂಡು ಹೋಗಿ ಪಕ್ಕದ ಸ್ಟೋರ್ ರೂಮಿನಲ್ಲಿ ಬಿಟ್ಟರು. ಲೈಟ್ ಆರಿಸಿ, ಹೊರಗಿನಿಂದ ಬಾಗಿಲು ಒತ್ತಿ ಹಿಡಿದುಕೊಂಡು ನಿಂತರು.

ಕೇಳಿದ್ದಕ್ಕೆ ಮುಖ್ಯಸ್ಥರು ಸಮಾಧಾನದಿಂದಲೇ ಉತ್ತರ ಕೊಟ್ಟರು. "ಮೇಡಂ, ಅವನಿಗೆ ಬಿಹೇವಿಯರ್ ಜಾಸ್ತಿ. ಇದು ಟೈಮ್ ಔಟ್. ಅಮೆರಿಕದಲ್ಲಿ ಹೀಗೇ ಮಾಡೋದು." ಇದಕ್ಕೂ ಮೊದಲು ಅವರು ಇನ್ನೊಂದು ಮಾತು ಹೇಳಿದ್ದರು. ಬೆಳಿಗ್ಗೆ ತಿಂಡಿ ಕೊಡದೇ ಕಳಿಸಿ, ಹಸಿವಿದ್ದರೆ ಬಿಸ್ಕತ್ತಿಗಾಗಿ ಚೆನ್ನಾಗಿ ಕೆಲಸ ಮಾಡುತ್ತಾನೆ ಅಂತ. ನಾನು ತಿಂಡಿ ತಿನ್ನಿಸಿಯೇ ಕಳಿಸುತ್ತಿದ್ದೆ. ಅದಕ್ಕೂ ಆಕ್ಷೇಪ ಬಂತು.

ಅಮೆರಿಕದಲ್ಲಿ ಹೀಗೇ ಮಾಡುವುದು ಎಂಬ ಮಾತು ತಲೆಯಲ್ಲಿ ಉಳಿಯಿತು. ಹಾಗಾದರೆ ಅಲ್ಲಿ ನಿಜವಾಗಿ ಏನಾಯಿತು ಎಂದು ಓದುತ್ತಾ ಹೋದೆ. ನನ್ನ ದೂರಿನ ತಿರುಳು ಆ ಇತಿಹಾಸದಲ್ಲೇ ಇದೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಓದಬೇಕು.

ಎಬಿಎ ಎಂಬ ಈ ವಿದ್ಯೆ ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದ, ಅದನ್ನು ನಾನು ಮೊದಲೇ ಹೇಳಬೇಕು. 1930ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇಲಿಗಳ ಮೇಲೆ ಪ್ರಯೋಗ ಮಾಡಿ, ಯಾವ ನಡವಳಿಕೆಯ ಬೆನ್ನಿಗೆ ಬೇಕಾದದ್ದು ಸಿಗುತ್ತದೋ ಅದು ಹೆಚ್ಚುತ್ತದೆ ಎಂದು ತೋರಿಸಿದ್ದರು. 1949ರಲ್ಲಿ ಪಾಲ್ ಫುಲ್ಲರ್ ಅದನ್ನು ಮನುಷ್ಯರಿಗೆ ತಂದರು. ಆಶ್ರಮದಂಥ ಒಂದು ಸಂಸ್ಥೆಯಲ್ಲಿ ಮಲಗಿದ ಕಡೆಯೇ ಮಲಗಿದ್ದ 18 ವರ್ಷದ ಹುಡುಗ. ಇವನು ಏನನ್ನೂ ಕಲಿಯಲಾರ ಎಂದು ಡಾಕ್ಟರುಗಳು ಕೈಬಿಟ್ಟಿದ್ದರು. ಹೊಟ್ಟೆ ಹಸಿದಿರುವಾಗ ಅವನು ಬಲಗೈ ಅಲ್ಲಾಡಿಸಿದರೆ ಬಾಯಿಗೆ ಬೆಚ್ಚಗಿನ ಸಕ್ಕರೆ ಹಾಲು. ಕೆಲವೇ ಸೆಷನ್ನಿನಲ್ಲಿ ಅವನು ಕೈ ಎತ್ತುವುದನ್ನು ಕಲಿತ. ಕಲಿಯಲಾರ ಎಂದವರ ಮಾತು ಸುಳ್ಳಾಯಿತು. ನನ್ನಂಥ ತಾಯಿಗೆ ಇದು ಸಣ್ಣ ವಿಷಯ ಅಲ್ಲ.

ಹತ್ತು ವರ್ಷದ ನಂತರ, 1959ರಲ್ಲಿ, ಟಿಯೊಡೊರೊ ಐಲಾನ್ ಮತ್ತು ಜ್ಯಾಕ್ ಮೈಕಲ್ ಎಂಬಿಬ್ಬರು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಮಾನಸಿಕ ಆಸ್ಪತ್ರೆಯ ಕೆಲಸವನ್ನು ಪ್ರಕಟಿಸಿದರು. ಅಲ್ಲಿ ಒಬ್ಬ ಮಹಿಳೆ ದಿನಕ್ಕೆ ಸರಾಸರಿ 16 ಸಲ ನರ್ಸುಗಳ ಕೋಣೆಗೆ ನುಗ್ಗುತ್ತಿದ್ದಳು. ನರ್ಸುಗಳು ಪ್ರತಿ ಸಲ ಕೈಹಿಡಿದು ಹೊರಗೆ ಕರೆದೊಯ್ಯುತ್ತಿದ್ದರು. ಆಕೆಗೆ ಬೇಕಾಗಿದ್ದದ್ದು ಆ ಕೈಯೇ. ಬಂದಾಗ ಗಮನ ಕೊಡುವುದನ್ನು ನಿಲ್ಲಿಸಿದರು. ಏಳನೇ ವಾರದ ಹೊತ್ತಿಗೆ 16 ಇದ್ದದ್ದು 2ಕ್ಕೆ ಇಳಿಯಿತು. ಹೊಡೆತವಿಲ್ಲ, ಬೈಗುಳವಿಲ್ಲ.

ನಮ್ಮ ಸೆಂಟರಿನ ಟೈಮ್ ಔಟ್ ಕೋಣೆ ಎಲ್ಲಿಂದ ಬಂತು ಎಂದು ಹುಡುಕಿದರೆ 1964ರ ಒಂದು ವರದಿ ಸಿಗುತ್ತದೆ. ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ ಮತ್ತು ಹೇಡನ್ ಮೀಸ್ ಬರೆದದ್ದು. ವಾಷಿಂಗ್ಟನ್ ರಾಜ್ಯದ ಆಸ್ಪತ್ರೆಯಲ್ಲಿದ್ದ ಮೂರೂವರೆ ವರ್ಷದ ಆಟಿಸಂ ಇರುವ ಹುಡುಗ. ವರದಿಯಲ್ಲಿ ಅವನ ಹೆಸರು ಡಿಕಿ. ಕಣ್ಣಿನ ಪೊರೆಯಿಂದಾಗಿ ಮಸೂರ ತೆಗೆದಿದ್ದರು. ಕನ್ನಡಕ ಹಾಕದಿದ್ದರೆ ದೃಷ್ಟಿ ಹೋಗುತ್ತಿತ್ತು. ಆದರೆ ಅವನು ಹಾಕಲು ಬಿಡುತ್ತಿರಲಿಲ್ಲ, ರಂಪ ಮಾಡಿ ತನ್ನನ್ನೇ ಹೊಡೆದುಕೊಳ್ಳುತ್ತಿದ್ದ. ಅವರು ಮೊದಲು ಗಾಜಿಲ್ಲದ ಬರೀ ಫ್ರೇಮುಗಳನ್ನು ಕೋಣೆಯಲ್ಲಿ ಅಲ್ಲಲ್ಲಿ ಇಟ್ಟರು. ಮುಟ್ಟಿದರೆ ಮಿಠಾಯಿ ಅಥವಾ ಹಣ್ಣಿನ ಚೂರು. ಎತ್ತಿಕೊಂಡರೆ ಮತ್ತೊಂದು. ಕಣ್ಣಿನ ಹತ್ತಿರ ತಂದರೆ ಇನ್ನೊಂದು. ಅದು ಸಾಲದಾದಾಗ ಬೆಳಗಿನ ತಿಂಡಿಯನ್ನೇ ತುತ್ತು ತುತ್ತಾಗಿ ಬಹುಮಾನ ಮಾಡಿದರು. ರಂಪ ಮಾಡಿದರೆ ಅವನನ್ನು ಅವನ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕುತ್ತಿದ್ದರು, ರಂಪ ನಿಂತರೆ ತೆಗೆಯುತ್ತಿದ್ದರು. ಕೊನೆಗೆ ಡಿಕಿ ದಿನಕ್ಕೆ ಸುಮಾರು 12 ಗಂಟೆ ಕನ್ನಡಕ ಹಾಕಿಕೊಂಡ.

ಮಾನ್ಯರೇ, ನಮ್ಮ ಸೆಂಟರಿನ ಹಸಿವೂ ಮುಚ್ಚಿದ ಬಾಗಿಲೂ ಇಲ್ಲಿಂದ ಇಳಿದು ಬಂದವು. ಆದರೆ ಡಿಕಿಯ ಕಣ್ಣು ಹೋಗುವುದರಲ್ಲಿತ್ತು. ಆಸ್ಪತ್ರೆಯ ಕಣ್ಗಾವಲಿನಲ್ಲಿ, ಪ್ರತಿಯೊಂದನ್ನೂ ಬರೆದಿಟ್ಟುಕೊಂಡು, ಅಪ್ಪ ಅಮ್ಮನಿಗೂ ಕಲಿಸಿಕೊಡುತ್ತಾ ಮಾಡಿದ ಕೆಲಸ ಅದು. ಮಣಿ ಪೋಣಿಸುವುದಕ್ಕೆ ನನ್ನ ಮಗನನ್ನು ಹಸಿದಿರಿಸುವ ತುರ್ತು ಏನಿತ್ತು?

ಮುಂದಿನ ಅಧ್ಯಾಯ ಕರಾಳ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಐವರ್ ಲೋವಾಸ್ ಎಂಬ ಮನಶ್ಶಾಸ್ತ್ರಜ್ಞ ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದರು. ತುತ್ತು ತಿನ್ನಿಸುತ್ತಾ ಅಪ್ಪಿಕೊಳ್ಳುತ್ತಾ ಮಾತು ಕಲಿಸುತ್ತಿದ್ದರು. ಹೊಡೆಯುತ್ತಲೂ ಇದ್ದರು. ನೆಲಕ್ಕೆ ಕರೆಂಟ್ ಹಾಯಿಸಿ ಶಾಕ್ ಕೊಟ್ಟರು. 1965ರ ಮೇ ತಿಂಗಳಲ್ಲಿ ಲೈಫ್ ಪತ್ರಿಕೆ ಅದರ ಫೋಟೋಗಳನ್ನು ಹಾಕಿತು. ಆ ಕಾಲದಲ್ಲಿ ತನ್ನನ್ನೇ ಗಾಯ ಮಾಡಿಕೊಳ್ಳುವ ಮಕ್ಕಳನ್ನು ಆಸ್ಪತ್ರೆಯ ಮಂಚಕ್ಕೆ ಕಟ್ಟಿಹಾಕುತ್ತಿದ್ದರು ಎಂಬುದು ನಿಜ. ಅದಕ್ಕಿಂತ ಇದು ಮೇಲು ಎಂದು ಅವರು ವಾದಿಸಿದರು. ಆ ವಾದ ನನಗೆ ಅರ್ಥವಾಗುತ್ತದೆ, ಒಪ್ಪಲು ಆಗುವುದಿಲ್ಲ. ಯಾಕೆಂದರೆ ಬೇರೆ ದಾರಿಯ ಸುಳಿವು ಅವರದೇ ಲ್ಯಾಬಿನಲ್ಲಿತ್ತು. ಅದೇ 1965ರಲ್ಲಿ ಅವರೂ ಸಹೋದ್ಯೋಗಿಗಳೂ ಒಂಬತ್ತು ವರ್ಷದ ಹುಡುಗಿಯೊಬ್ಬಳ ಬಗ್ಗೆ ಬರೆದರು. ಅವಳು ಹೊಡೆದುಕೊಂಡಾಗಲೆಲ್ಲ ಅಕ್ಕರೆಯಿಂದ ಸಮಾಧಾನ ಮಾಡಿದರೆ ಹೊಡೆದುಕೊಳ್ಳುವುದು ಇನ್ನೂ ಹೆಚ್ಚಾಯಿತು. ಅಂದರೆ ಆ ಹೊಡೆತಕ್ಕೆ ಒಂದು ಕಾರಣವಿತ್ತು, ಅದರಿಂದ ಅವಳಿಗೆ ಏನೋ ಸಿಗುತ್ತಿತ್ತು. ಏನು ಸಿಗುತ್ತಿದೆ ಎಂದು ಪ್ರತಿ ಮಗುವಿನಲ್ಲೂ ಹುಡುಕುವುದನ್ನು ಅಭ್ಯಾಸ ಮಾಡಿಕೊಳ್ಳಲು ಆ ಕ್ಷೇತ್ರಕ್ಕೆ ಇನ್ನೂ ಬಹಳ ವರ್ಷ ಬೇಕಾಯಿತು. ಆ ವರ್ಷಗಳಲ್ಲಿ ಮಕ್ಕಳು ಏಟು ತಿಂದರು.

1968ರಲ್ಲಿ ಈ ವಿದ್ಯೆಗೇ ಮೀಸಲಾದ ಪತ್ರಿಕೆ ಶುರುವಾಯಿತು. ಮೊದಲ ಸಂಚಿಕೆಯಲ್ಲೇ ಡೊನಾಲ್ಡ್ ಬೇರ್, ವುಲ್ಫ್ ಮತ್ತು ರಿಸ್ಲಿ ಇದಕ್ಕೆ ಏಳು ಲಕ್ಷಣಗಳನ್ನು ಹೇಳಿದರು. ಮೊದಲನೆಯದು, ತಿದ್ದಲು ಆರಿಸಿಕೊಳ್ಳುವ ನಡವಳಿಕೆ ಆ ವ್ಯಕ್ತಿಯ ಬದುಕಿಗೆ ಮುಖ್ಯವಾಗಿರಬೇಕು. ಇನ್ನೊಂದು, ಮಾಡಿದ್ದರಿಂದಲೇ ಬದಲಾವಣೆ ಬಂತು ಎಂದು ತೋರಿಸಬೇಕು. ಬದಲಾವಣೆ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರಬೇಕು, ಸೆಂಟರಿನ ಹೊರಗೂ ಉಳಿಯಬೇಕು. ಬೋರ್ಡಿನಲ್ಲಿ ಎಬಿಎ ಎಂದು ಬರೆಸಿದವರು ತಮ್ಮ ಕೆಲಸ ಇದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಲಿ.

ಪುಸ್ತಕದಲ್ಲಿ ಚೆನ್ನಾಗಿ ಬರೆದ ಮಾತ್ರಕ್ಕೆ ಕೋಣೆಯೊಳಗೆ ಚೆನ್ನಾಗಿ ನಡೆಯುವುದಿಲ್ಲ ಎಂಬುದಕ್ಕೆ ನಾಲ್ಕೇ ವರ್ಷದಲ್ಲಿ ಸಾಕ್ಷಿ ಸಿಕ್ಕಿತು. 1972ರಲ್ಲಿ ಫ್ಲೋರಿಡಾದ ಮಯಾಮಿಯಲ್ಲಿದ್ದ ಸನ್‌ಲ್ಯಾಂಡ್ ಎಂಬ ಸರ್ಕಾರಿ ತರಬೇತಿ ಕೇಂದ್ರದ ತನಿಖೆ ನಡೆಯಿತು. ನಡವಳಿಕೆ ತಿದ್ದುವ ಹೆಸರಿನಲ್ಲಿ ಅಲ್ಲಿನವರು ಮಾಡುತ್ತಿದ್ದದ್ದು ಹೊರಗೆ ಬಂತು. ಸುಳ್ಳು ಹೇಳಿದರೆ ಬಾಯಿಗೆ ಸೋಪು. ಓಡಿಹೋದರೆ ಮರದ ಹಲಗೆಯಿಂದ ಹತ್ತು ಏಟು. ಕೆಲವರನ್ನು 24 ಗಂಟೆಗೂ ಹೆಚ್ಚು ಕಟ್ಟಿಹಾಕಿದ್ದರು. ಇನ್ನೂ ಕೆಲವು ಇಲ್ಲಿ ಬರೆಯಲಾಗದಷ್ಟು ಹೀನ. ಆ ಸಂಸ್ಥೆಯಲ್ಲೂ ಎಲ್ಲಕ್ಕೂ ವಿಜ್ಞಾನದ ಹೆಸರೇ ಇತ್ತು. ಅಲ್ಲಿಂದಾಚೆಗೆ ಫ್ಲೋರಿಡಾ ರಾಜ್ಯ ಲಿಖಿತ ನಿಯಮ ಮಾಡಿತು, ತಜ್ಞರ ಪರಿಶೀಲನೆ ತಂದಿತು. ನಾವು ಅಂಥದೊಂದು ಹಗರಣ ಆಗುವವರೆಗೆ ಕಾಯಬೇಕೇ?

ಈಗ ನನ್ನ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. 1977ರಲ್ಲಿ ಎಡ್ವರ್ಡ್ ಕಾರ್ ಎಂಬವರು, ಮಕ್ಕಳು ತಮ್ಮನ್ನೇ ಯಾಕೆ ಗಾಯ ಮಾಡಿಕೊಳ್ಳುತ್ತಾರೆ ಎಂಬ ಬಗ್ಗೆ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಗಮನ ಸಿಗಲೆಂದು ಇರಬಹುದು. ಕೆಲಸ ತಪ್ಪಲೆಂದು ಇರಬಹುದು. ಆ ಅನುಭವವೇ ಬೇಕೆನಿಸಿರಬಹುದು. ದೇಹದೊಳಗಿನ ತೊಂದರೆಯೂ ಇರಬಹುದು. ಇದನ್ನು ಒರೆಗೆ ಹಚ್ಚುವ ಕ್ರಮವನ್ನು 1982ರಲ್ಲಿ ಬ್ರಯನ್ ಇವಾಟ ಮತ್ತು ಸಂಗಡಿಗರು ಬಾಲ್ಟಿಮೋರಿನ ಕೆನೆಡಿ ಸಂಸ್ಥೆಯಿಂದ ಪ್ರಕಟಿಸಿದರು. ಒಂಬತ್ತು ಮಕ್ಕಳು. ಮೊದಲು ವೈದ್ಯಕೀಯ ತಪಾಸಣೆ. ಆಮೇಲೆ 15 ನಿಮಿಷದ ಸೆಷನ್ನುಗಳು, ನಾಲ್ಕು ಬಗೆ. ಒಂದರಲ್ಲಿ ಮಗು ಹೊಡೆದುಕೊಂಡಾಗ ಮಾತ್ರ ದೊಡ್ಡವರು ಕಾಳಜಿಯಿಂದ ಮಾತಾಡಿಸುತ್ತಾರೆ. ಇನ್ನೊಂದರಲ್ಲಿ ಕಲಿಕೆಯ ಕೆಲಸ ಕೊಡುತ್ತಾರೆ, ಹೊಡೆದುಕೊಂಡರೆ ಕೆಲಸ ನಿಲ್ಲಿಸುತ್ತಾರೆ. ಮೂರನೆಯದರಲ್ಲಿ ಮಗು ಒಂಟಿಯಾಗಿರುತ್ತದೆ. ನಾಲ್ಕನೆಯದರಲ್ಲಿ ಆಟಿಕೆ, ಮಾತುಕತೆ, ಯಾವ ಒತ್ತಾಯವೂ ಇಲ್ಲ. ಒಂಬತ್ತರಲ್ಲಿ ಆರು ಮಕ್ಕಳು ಯಾವುದೋ ಒಂದು ಬಗೆಯಲ್ಲಿ ಮಾತ್ರ ಹೆಚ್ಚು ಹೊಡೆದುಕೊಂಡರು. ಆ ಒಂದು ಬಗೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಹೊರಗಿನಿಂದ ನೋಡಿದರೆ ಎಲ್ಲರದೂ ತಲೆ ಚಚ್ಚಿಕೊಳ್ಳುವುದೇ. ಒಳಗಿನ ಕಾರಣ ಒಬ್ಬೊಬ್ಬರಿಗೆ ಒಂದೊಂದು.

ಇದನ್ನು ಓದಿದ ಮೇಲೆ ಸೆಂಟರಿನ ಸ್ಟೋರ್ ರೂಮಿನಲ್ಲಿ ಏನಾಗುತ್ತಿತ್ತು ಎಂಬುದು ನನಗೆ ಹೊಳೆಯಿತು. ಕೆಲಸ ಕೊಟ್ಟರು. ಮಗನಿಗೆ ಅದು ಬೇಡವಾಯಿತು. ಹಣೆ ಬಡಿದುಕೊಂಡ. ಕೋಣೆಗೆ ಹಾಕಿದರು. ಕೋಣೆಯಲ್ಲಿ ಮಣಿ ಇಲ್ಲ, ಮೇಜಿಲ್ಲ, "ಮಾಡು, ಮಾಡು" ಎನ್ನುವವರಿಲ್ಲ. ಹಣೆ ಬಡಿದುಕೊಂಡರೆ ಮಣಿಯಿಂದ ಬಿಡುಗಡೆ ಎಂದು ಅವರೇ ಅವನಿಗೆ ಕಲಿಸುತ್ತಿದ್ದರು. ಅವರದೇ ಡೇಟಾ ಶೀಟ್ ನೋಡಿದೆ. ಹಣೆ ಬಡಿದುಕೊಂಡ ಲೆಕ್ಕದ ಗೆರೆ ವಾರದಿಂದ ವಾರಕ್ಕೆ ಮೇಲೇರಿದೆ. ಅದರ ಕೆಳಗೆ "ಟೈಮ್ ಔಟ್ ಸಮಯ ಹೆಚ್ಚಿಸಿ" ಎಂದು ಪೆನ್ನಿನಲ್ಲಿ ಬರೆದಿತ್ತು. ಮಗನನ್ನು ಬಿಡಿಸಿಕೊಂಡು ಬಂದೆವು.

ಆಮೇಲೆ ಸಿಕ್ಕವರು ಸರ್ಕಾರಿ ಆಸ್ಪತ್ರೆಯ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್. ಅವರು ಮೊದಲು ಕಿವಿ, ಹಲ್ಲು, ಹೊಟ್ಟೆ ತೋರಿಸಿಕೊಂಡು ಬನ್ನಿ ಎಂದರು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಸಿದರು. ಬಡಿದುಕೊಳ್ಳುವ ಮುಂಚೆ ಏನಾಯಿತು, ಏನು ಮಾಡಿದ, ಆದ ಮೇಲೆ ನೀವೇನು ಮಾಡಿದಿರಿ. ಕೆಲವೇ ಪುಟದಲ್ಲಿ ಚಿತ್ರ ಬಂತು. ಬೆರಳಿನ ಸೂಕ್ಷ್ಮ ಕೆಲಸ ಬಂದಾಗ, ಅದರಲ್ಲೂ ಬೇಗ ಮಾಡು ಎಂದಾಗ, ಜಾಸ್ತಿ. ಅಜ್ಜಿಯ ಜೊತೆ ಕೂತಾಗ ಇಲ್ಲವೇ ಇಲ್ಲ. ಅವರು ಒಂದು ಹಳದಿ ಕಾರ್ಡ್ ಮಾಡಿಕೊಟ್ಟರು, ಅದರ ಮೇಲೆ ಅಂಗೈ ಚಿತ್ರ. ಅದನ್ನು ಕೊಟ್ಟರೆ ಕೆಲಸಕ್ಕೆ ಸ್ವಲ್ಪ ಬಿಡುವು. ಮೊದಲು ಅವನ ಕೈ ಹಿಡಿದು ಕಾರ್ಡ್ ಕೊಡಿಸಿದೆವು, ಆಮೇಲೆ ಅವನೇ ಕೊಡತೊಡಗಿದ. ಇದೇನೂ ಅವರ ಹೊಸ ಆವಿಷ್ಕಾರ ಅಲ್ಲ. 1985ರಲ್ಲಿ ಕಾರ್ ಮತ್ತು ಮಾರ್ಕ್ ಡುರಾಂಡ್ ನಾಲ್ಕು ಮಕ್ಕಳಿಗೆ, ರಂಪದ ಬದಲು ಸಹಾಯ ಕೇಳುವ ಅಥವಾ ಹೊಗಳಿಕೆ ಕೇಳುವ ಮಾತನ್ನು ಕಲಿಸಿ ತೋರಿಸಿದ್ದರು. ಮಗುವಿನ ಕಾರಣಕ್ಕೆ ಹೊಂದುವ ಮಾತು ಕಲಿಸಿದಾಗ ರಂಪ ಇಳಿಯಿತು, ಹೊಂದದ ಮಾತು ಕಲಿಸಿದಾಗ ಇಳಿಯಲಿಲ್ಲ. ನನ್ನ ಮಗ ಈಗಲೂ ಒಮ್ಮೊಮ್ಮೆ ಹಣೆ ಬಡಿದುಕೊಳ್ಳುತ್ತಾನೆ. ಆದರೆ ಕಾರ್ಡ್ ಕೈಗೆ ಸಿಗುವ ಕಡೆ ಇದ್ದರೆ ಮೊದಲು ಅದನ್ನೇ ಹುಡುಕುತ್ತಾನೆ.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಬುದ್ಧಿಮಾಂದ್ಯ ಮಕ್ಕಳಿಗಾಗಿ ಕೆಲಸ ಮಾಡುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ 1990ರ ದಶಕದಲ್ಲೇ ಸ್ಪೆಷಲ್ ಟೀಚರುಗಳಿಗೆ ಇದೇ ಮೂರು ಕಾಲಂ ಕ್ರಮವನ್ನು ಹೇಳಿಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇವೆ. ಇಷ್ಟಿದ್ದೂ ಕೆಲವು ಸೆಂಟರುಗಳು 1965ರಲ್ಲೇ ನಿಂತಿವೆ. ಅಲ್ಲಿಂದ ಶಿಕ್ಷೆಯನ್ನು ತಂದರು, ಮಗು ಯಾಕೆ ಹೀಗೆ ಮಾಡುತ್ತದೆ ಎಂಬ 1982ರ ಪ್ರಶ್ನೆಯನ್ನು ತರಲಿಲ್ಲ. ವಾರಕ್ಕೆ 40 ಗಂಟೆ ಥೆರಪಿ ಎಂಬ ಜಾಹೀರಾತೂ ಲೋವಾಸ್ ಅವರ 1987ರ ಅಧ್ಯಯನದಿಂದ ಬಂದದ್ದು. ಅದರಲ್ಲಿದ್ದದ್ದು 19 ಪುಟ್ಟ ಮಕ್ಕಳ ಗುಂಪು, ಯಾವ ಮಗು ಯಾವ ಗುಂಪಿಗೆ ಎಂದು ಚೀಟಿ ಎತ್ತಿ ಹಂಚಿರಲಿಲ್ಲ, ತೊಡೆಗೆ ಹೊಡೆಯುವುದೂ ಆ ಚಿಕಿತ್ಸೆಯಲ್ಲಿತ್ತು. ಫೀಸು ಹೇಳುವಾಗ ಇದನ್ನೆಲ್ಲ ಯಾರೂ ಹೇಳುವುದಿಲ್ಲ.

ಎಬಿಎ ಬೇಡವೇ ಬೇಡ ಎನ್ನುವ ಆಟಿಸಂ ಇರುವ ದೊಡ್ಡವರೂ ಇದ್ದಾರೆ. ಚಿಕ್ಕಂದಿನಲ್ಲಿ ಅದನ್ನು ಅನುಭವಿಸಿದವರ ನೋವು ಅದು. ಅವರ ಮಾತನ್ನು ನಿಮ್ಮ ಕಚೇರಿ ಕೇಳಬೇಕು. ವುಲ್ಫ್ ಅವರೇ 1978ರಲ್ಲಿ ಬರೆದಿದ್ದರು: ಗುರಿ ಸರಿಯೇ, ವಿಧಾನ ಒಪ್ಪಿಗೆಯೇ, ಫಲಿತಾಂಶ ತೃಪ್ತಿಯೇ ಎಂದು ಚಿಕಿತ್ಸೆ ಪಡೆಯುವವರನ್ನೂ ಸಮಾಜವನ್ನೂ ಕೇಳಬೇಕು ಅಂತ. ನನ್ನ ಮಗನಿಗೆ ಮಾತಿಲ್ಲ. ಆದರೆ ಆ ಸೆಂಟರಿನ ಗೇಟು ಕಂಡರೆ ಸಾಕು, ಸ್ಕೂಟರಿನಿಂದ ಇಳಿಯುತ್ತಿರಲಿಲ್ಲ. ಅದೂ ಉತ್ತರವೇ ಅಲ್ವಾ?

ಕಾನೂನು ನಮ್ಮ ಕಡೆ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 6ನೇ ಸೆಕ್ಷನ್ ಕ್ರೂರ, ಅಮಾನವೀಯ ನಡವಳಿಕೆಯಿಂದ ರಕ್ಷಣೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ. 50ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ. 92ನೇ ಸೆಕ್ಷನ್ನಿನಲ್ಲಿ, ತನ್ನ ಸುಪರ್ದಿಯಲ್ಲಿರುವ ವಿಕಲಚೇತನರಿಗೆ ಬೇಕೆಂದೇ ಊಟ ನೀರು ಕೊಡದಿರುವುದು ಅಪರಾಧ, ಆರು ತಿಂಗಳಿನಿಂದ ಐದು ವರ್ಷದವರೆಗೆ ಜೈಲು. "ತಿಂಡಿ ಕೊಡದೇ ಕಳಿಸಿ" ಎಂದು ಸಲಹೆ ಕೊಡುವವರಿಗೆ ಇದು ಗೊತ್ತಿರಬೇಕು. 80ನೇ ಸೆಕ್ಷನ್ ನಿಮಗೆ, ಯಾರೂ ದೂರು ಕೊಡದಿದ್ದರೂ ತಾವಾಗಿಯೇ ವಿಚಾರಿಸುವ ಅಧಿಕಾರ ಕೊಟ್ಟಿದೆ. ಬರೀ ಕಾಗದದ ಮೇಲಿನ ಒಳ್ಳೆಯತನ ಸಾಲದು ಎಂಬುದಕ್ಕೆ ಅಮೆರಿಕವೇ ಉದಾಹರಣೆ. ಅಲ್ಲಿ ಒಂದು ಸಂಸ್ಥೆಯಲ್ಲಿ ಶಾಕ್ ಕೊಡುವ ಯಂತ್ರವನ್ನು 2020ರಲ್ಲಿ ಸರ್ಕಾರ ನಿಷೇಧಿಸಿತು, 2021ರಲ್ಲಿ ಕೋರ್ಟ್ ಆ ನಿಷೇಧವನ್ನು ತೆಗೆದುಹಾಕಿತು. ಇವಾಟ ಅವರ ವರದಿ ಬಂದು ಸುಮಾರು ನಲವತ್ತು ವರ್ಷ ಆಗಿತ್ತು ಆಗ.

ಹಾಗಾಗಿ ನನ್ನ ಬೇಡಿಕೆಗಳು ಇವು. ರಾಜ್ಯದಲ್ಲಿ ನಡವಳಿಕೆ ಥೆರಪಿ ಕೊಡುವ ಪ್ರತಿ ಸೆಂಟರಿಗೂ ಒಂದು ಲಿಖಿತ ಆದೇಶ ಹೋಗಲಿ. ಯಾವುದೇ ಮಗುವಿನ ನಡವಳಿಕೆ ತಿದ್ದಲು ಹೊರಡುವ ಮುಂಚೆ ವೈದ್ಯಕೀಯ ತಪಾಸಣೆ ಆಗಿರಬೇಕು, ಆ ನಡವಳಿಕೆಗೆ ಕಾರಣವೇನು ಎಂಬ ವರದಿ ಬರಹದಲ್ಲಿ ಇರಬೇಕು, ಅದರ ಪ್ರತಿ ಪೋಷಕರಿಗೆ ಅವರ ಭಾಷೆಯಲ್ಲಿ ಸಿಗಬೇಕು. ಹೊಡೆಯುವುದು, ನೀರು ಚಿಮುಕಿಸುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು, ಕತ್ತಲ ಕೋಣೆಯಲ್ಲಿ ಕೂಡುವುದು, ಇವುಗಳಿಗೆ ಯಾವ ಹೆಸರಿಟ್ಟರೂ ನಿಷೇಧ ಇರಲಿ. ಇದಕ್ಕೆ ಪೋಷಕರಿಂದ ಸಹಿ ಹಾಕಿಸಿಕೊಂಡರೂ ಆ ಸಹಿಗೆ ಬೆಲೆ ಇರಕೂಡದು.

ಪೋಷಕರು ಯಾವಾಗ ಬೇಕಾದರೂ ಸೆಷನ್ ನೋಡುವಂತಿರಬೇಕು. ಇದೊಂದೇ ನಿಯಮ ಬಂದರೂ ಅರ್ಧ ತೊಂದರೆ ತಪ್ಪುತ್ತದೆ ಎಂಬುದು ನನ್ನ ನಂಬಿಕೆ.

ಥೆರಪಿ ಕೊಡುವವರ ಓದು ಏನು ಎಂಬುದು ಗೋಡೆಯ ಮೇಲೆ ಇರಲಿ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಸ್ಪೆಷಲ್ ಟೀಚರ್ ಮೇಲ್ವಿಚಾರಣೆ ಇಲ್ಲದೆ, ಸುಮ್ನೆ ಕೆಲವು ದಿನದ ಆನ್‌ಲೈನ್ ಕೋರ್ಸ್ ಮಾಡಿದವರ ಕೈಗೆ ತಲೆ ಚಚ್ಚಿಕೊಳ್ಳುವ ಮಗುವನ್ನು ಒಪ್ಪಿಸಬಾರದು. ಆ ಥೆರಪಿಸ್ಟ್ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಅವಳಿಗೆ ಹೇಳಿಕೊಟ್ಟವರು ಅಷ್ಟನ್ನೇ ಹೇಳಿಕೊಟ್ಟಿದ್ದರು. ನಿಮ್ಹಾನ್ಸ್ ಮತ್ತು ಮೈಸೂರಿನ ಸಂಸ್ಥೆಯ ತಜ್ಞರ ನೆರವಿನಿಂದ ಇಂಥವರಿಗೆ ಕನ್ನಡದಲ್ಲಿ ಕಡ್ಡಾಯ ತರಬೇತಿ ಏರ್ಪಡಿಸಿ. ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರನ್ನೂ ಸೇರಿಸಿಕೊಳ್ಳಿ, ಹಳ್ಳಿಯ ಮಕ್ಕಳಿಗೆ ಇರುವುದು ಅವರೇ.

ನನ್ನ ದೂರಿನ ಜೊತೆ ಸೆಂಟರಿನ ಡೇಟಾ ಶೀಟುಗಳ, ಫೀಸಿನ ರಶೀದಿಗಳ ಪ್ರತಿಗಳನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಅದೇ ಸೆಂಟರಿಗೆ ಈಗಲೂ ಮಕ್ಕಳು ಹೋಗುತ್ತಿದ್ದಾರೆ. ಆದ್ದರಿಂದ ಮೊದಲು ಅಲ್ಲಿಗೆ ನಿಮ್ಮ ಅಧಿಕಾರಿಗಳನ್ನು ಮುನ್ಸೂಚನೆ ಇಲ್ಲದೆ ಕಳಿಸಿ, ಆ ಸ್ಟೋರ್ ರೂಮಿನ ಬಾಗಿಲು ತೆಗೆಸಿ ನೋಡಿ. ವಿಚಾರಣೆಗೆ ಕರೆದರೆ ನಾನೂ ನನ್ನ ಗಂಡನೂ ಬರುತ್ತೇವೆ. ಮಗನ ನೋಟ್‌ಬುಕ್ ತರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಹಾಸನ ಜಿಲ್ಲೆಯ ಒಬ್ಬ ತಾಯಿ